ಚಿಕ್ಕಂದಿನಲ್ಲಿ ಹತ್ತಿದ ವಿಮಾನ ಯಾವುದು? ಪತ್ತೆ ಹಚ್ಚುವುದು ಹೀಗೆ

"ಚಿಕ್ಕವನಿದ್ದಾಗ ಮಂಗಳೂರಿನ ಬಜ್ಪೆಯಿಂದ ಬೊಂಬಾಯಿಗೆ ವಿಮಾನದಲ್ಲಿ ಹೋಗಿದ್ದೆ. ಯಾವ ವಿಮಾನ ಅಂತ ಗೊತ್ತಿಲ್ಲ. ತುಂಬಾ ದೊಡ್ಡದಿತ್ತು." ಈಗ ನಲವತ್ತು, ಐವತ್ತು ದಾಟಿದವರ ಬಾಯಲ್ಲಿ ಇಂಥ ಮಾತು ಆಗಾಗ ಕೇಳಿಬರುತ್ತದೆ. ಇದರಲ್ಲಿ "ದೊಡ್ಡದಿತ್ತು" ಅನ್ನುವುದನ್ನು ಪಕ್ಕಕ್ಕಿಡಿ. ಆರು ವರ್ಷದ ಮಗುವಿಗೆ ಎಲ್ಲ ವಿಮಾನವೂ ದೊಡ್ಡದೇ. ಉಳಿದ ಮಾತಿನಲ್ಲಿ ಮಾತ್ರ ಬೇಕಾದಷ್ಟು ಸುಳಿವಿದೆ. ಎಲ್ಲಿಂದ, ಎಲ್ಲಿಗೆ, ಸುಮಾರು ಯಾವ ವರ್ಷ ಅನ್ನುವುದು ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಭಾರತದಲ್ಲಿ ಹಾರಿದವರಿಗೆ ಒಂದು ಅನುಕೂಲ ಇದೆ. 1953ರಲ್ಲಿ ಸರ್ಕಾರ ವಿಮಾನ ಕಂಪನಿಗಳನ್ನು ತನ್ನ ಕೈಗೆ ತೆಗೆದುಕೊಂಡ ಮೇಲೆ, 1990ರ ದಶಕದ ಶುರುವಿನವರೆಗೂ ದೇಶದೊಳಗಿನ ಹಾರಾಟ ಅಂದರೆ ಹೆಚ್ಚುಕಡಿಮೆ ಇಂಡಿಯನ್ ಏರ್‌ಲೈನ್ಸ್ ಮಾತ್ರ. ಜೊತೆಗೆ 1981ರಿಂದ ಚಿಕ್ಕ ಊರುಗಳಿಗೆ ವಾಯುದೂತ್ ಬಂತು. ಹೊರದೇಶಕ್ಕೆ ಏರ್ ಇಂಡಿಯಾ. ಅಮೆರಿಕದಲ್ಲಿ ಬೆಳೆದ ಒಬ್ಬರು ಇದೇ ಪ್ರಶ್ನೆ ಕೇಳಿದರೆ ಹತ್ತಾರು ಕಂಪನಿ, ಹತ್ತಾರು ಮಾದರಿ ಜಾಲಾಡಬೇಕು. ನಮ್ಮಲ್ಲಿ ಯಾವುದೇ ಒಂದು ವರ್ಷ ಹಿಡಿದರೂ ಬೆರಳೆಣಿಕೆಯಷ್ಟೇ ಮಾದರಿಗಳು ಇರುತ್ತಿದ್ದವು. ಹಾಗಾಗಿ ಇಲ್ಲಿ "ಯಾವುದು ಇರಬಹುದು" ಅಂತ ಊಹಿಸುವುದಕ್ಕಿಂತ "ಯಾವುದು ಇರಲು ಸಾಧ್ಯವಿಲ್ಲ" ಅಂತ ಒಂದೊಂದಾಗಿ ತೆಗೆದುಹಾಕುವುದು ಸುಲಭ.

ಮೊದಲು ವರ್ಷ

ವರ್ಷ ನೆನಪಿಲ್ಲ ಅಂತ ಕೈಬಿಡಬೇಡಿ. ಯಾವ ಕ್ಲಾಸಿನ ಬೇಸಿಗೆ ರಜೆ? ತಂಗಿ ಹುಟ್ಟಿದ್ದಳಾ? ಯಾರ ಮದುವೆಗೆ ಹೋಗಿದ್ದು? ಅಪ್ಪನಿಗೆ ಎಲ್‌ಟಿಸಿ (ನೌಕರಿಯಲ್ಲಿ ಕೊಡುವ ರಜೆ ಪ್ರವಾಸದ ಖರ್ಚು) ಯಾವಾಗ ಸಿಕ್ಕಿತ್ತು? ಒಂದೆರಡು ವರ್ಷ ಆಚೀಚೆ ಆದರೂ ಸಾಕು. ಯಾಕೆಂದರೆ ಪ್ರತಿ ಮಾದರಿಗೂ ಒಂದು ಪ್ರವೇಶದ ವರ್ಷ ಇದೆ. ಅದಕ್ಕಿಂತ ಮುಂಚೆ ನೀವು ಅದನ್ನು ಹತ್ತಿರಲು ಸಾಧ್ಯವೇ ಇಲ್ಲ.

ಇಂಡಿಯನ್ ಏರ್‌ಲೈನ್ಸ್ ಶುರುವಾದಾಗ ಅದರ ಬಳಿ ಇದ್ದ ಮುಖ್ಯ ವಿಮಾನ ಡಕೋಟಾ. 1957ರಲ್ಲಿ ನಾಲ್ಕು ಪ್ರೊಪೆಲರಿನ ವೈಕೌಂಟ್ ಬಂತು. 1961ರಲ್ಲಿ ಫೋಕರ್ ಫ್ರೆಂಡ್‌ಶಿಪ್, ಅಂದರೆ ಎಫ್27. 1964ರಲ್ಲಿ ಫ್ರಾನ್ಸಿನ ಕ್ಯಾರವೆಲ್. ಇಂಡಿಯನ್ ಏರ್‌ಲೈನ್ಸ್‌ನ ಮೊದಲ ಜೆಟ್ ಇದೇ. ಅರವತ್ತರ ದಶಕದಲ್ಲೇ ಆವ್ರೋ ಕೂಡ ಸೇರಿಕೊಂಡಿತು. ಇದರ ಅಧಿಕೃತ ಹೆಸರು ಎಚ್‌ಎಸ್-748. ಮೂಲ ಬ್ರಿಟನ್ನಿನದಾದರೂ ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ 89 ಆವ್ರೋಗಳನ್ನು ಕಟ್ಟಿತು. ಹೆಚ್ಚಿನವು ವಾಯುಪಡೆಗೆ ಹೋದವು, ಕೆಲವು ಇಂಡಿಯನ್ ಏರ್‌ಲೈನ್ಸ್‌ಗೆ. ಎಪ್ಪತ್ತರ ದಶಕದ ಶುರುವಿನಲ್ಲಿ ಬೋಯಿಂಗ್ 737-200 ಬಂತು, 1976ರ ಕೊನೆಗೆ ಏರ್‌ಬಸ್ ಎ300, 1989ರಲ್ಲಿ ಏರ್‌ಬಸ್ ಎ320.

ಈ ಸಾಲನ್ನು ಇಟ್ಟುಕೊಂಡರೆ ಮನೆಯ ಹಿರಿಯರ ಮಾತಿಗೂ ಅರ್ಥ ಬರುತ್ತದೆ. 1984ರಲ್ಲಿ ಅಜ್ಜ "ಏರ್‌ಬಸ್‌ನಲ್ಲಿ ಬಂದೆವು" ಅಂತ ಕಾಗದ ಬರೆದಿದ್ದರೆ ಅದು ಎ300ನೇ. ದೇಶದೊಳಗೆ ಹಾರುತ್ತಿದ್ದ ಬೇರೆ ಏರ್‌ಬಸ್ ಆಗ ಇರಲಿಲ್ಲ. ಅದೇ ಮಾತು 1995ರ ಕಾಗದದಲ್ಲಿದ್ದರೆ ಎ300, ಎ320 ಎರಡೂ ಆಗಬಹುದು. ಹಾಗೆಯೇ 1993ಕ್ಕೆ ಮುಂಚೆ ದೇಶದೊಳಗೆ "ಬೋಯಿಂಗ್" ಅಂದರೆ 737-200. ಏರ್ ಇಂಡಿಯಾದ ಬೋಯಿಂಗ್ ಆದರೆ 707 ಅಥವಾ 747. "ಫೋಕರ್" ಅನ್ನುವ ಮಾತನ್ನು ಮಾತ್ರ ಸ್ವಲ್ಪ ಅನುಮಾನದಿಂದಲೇ ನೋಡಿ. ಫ್ಯಾನು ತಿರುಗುವ ವಿಮಾನಕ್ಕೆಲ್ಲ ಫೋಕರ್ ಅನ್ನುವವರೂ ಇದ್ದಾರೆ. "ಜಂಬೋ ಜೆಟ್" ಅಂತೂ ಬಿಡಿ, ಮಕ್ಕಳ ಬಾಯಲ್ಲಿ ಎಲ್ಲವೂ ಜಂಬೋನೇ.

1990 ಒಂದು ವಿಶೇಷ ವರ್ಷ. ಆ ವರ್ಷ ಫೆಬ್ರವರಿ 14ರಂದು ಬೊಂಬಾಯಿಯಿಂದ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ಐಸಿ 605 ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಹತ್ತಿರ ನೆಲಕ್ಕಪ್ಪಳಿಸಿತು. 146 ಜನರಲ್ಲಿ 92 ಮಂದಿ ಸತ್ತರು. ಅದು ಹೊಚ್ಚ ಹೊಸ ಎ320. ಅದಾದ ಮೇಲೆ ಇಂಡಿಯನ್ ಏರ್‌ಲೈನ್ಸ್‌ನ ಎಲ್ಲ ಎ320ಗಳನ್ನೂ ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಿದರು. ಹಾಗಾಗಿ 1990ರ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೋದವರು ಎ320 ಹತ್ತಿರಲು ಸಾಧ್ಯವಿಲ್ಲ. ಎ300 ಅಥವಾ 737 ಇರಬೇಕು. 1989ರ ದೀಪಾವಳಿ ರಜೆಯಾದರೆ ಎ320 ಸಾಧ್ಯ. ಇಷ್ಟು ಸಣ್ಣ ಅಂತರದಲ್ಲೇ ಉತ್ತರ ಬದಲಾಗುತ್ತದೆ.

1990ರ ದಶಕದಲ್ಲಿ ಖಾಸಗಿ ಕಂಪನಿಗಳು ಬಂದ ಮೇಲೆ ಚಿತ್ರ ಸ್ವಲ್ಪ ಕಲಸುಮೇಲೋಗರ. ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಹಳೆಯ 737-200ಗಳನ್ನು ತಂದು ಹಾರಿಸಿದವು. ಜೆಟ್ ಏರ್‌ವೇಸ್ 1993ರ ಮೇ ತಿಂಗಳಲ್ಲಿ ಶುರುವಾಗಿದ್ದು 737-300ರಿಂದ. ಸಹಾರಾ ಅದೇ ವರ್ಷದ ಕೊನೆಗೆ ಬಂತು. 2003ರಲ್ಲಿ ಏರ್ ಡೆಕ್ಕನ್ ಚಿಕ್ಕ ಎಟಿಆರ್ 42ಗಳಿಂದ ಶುರುಮಾಡಿತು. ಹುಬ್ಬಳ್ಳಿ ಮತ್ತೆ ವಿಮಾನದ ನಕ್ಷೆಗೆ ಬಂದದ್ದು ಆಗ. 2005ರಲ್ಲಿ ಕಿಂಗ್‌ಫಿಷರ್ ಎ320 ತಂದಿತು, ಸ್ಪೈಸ್‌ಜೆಟ್ 737-800 ತಂದಿತು. 2006ರಲ್ಲಿ ಇಂಡಿಗೋ ಎ320ರೊಂದಿಗೆ ಬಂತು. 2000ದ ನಂತರ ಹುಟ್ಟಿದವರು ಈ ಲೇಖನದ ಅರ್ಧ ಭಾಗವನ್ನು ಹಾರಿಸಿ ಮುಂದೆ ಹೋಗಬಹುದು. ಅವರ ಅಪ್ಪ ಅಮ್ಮನ ಫೋನಿನಲ್ಲೇ ಫೋಟೋ ಇರುತ್ತದೆ.

ಆಮೇಲೆ ಊರು

ವಿಮಾನ ಎಲ್ಲಿ ಬೇಕಾದರೂ ಇಳಿಯಲಾರದು. ರನ್‌ವೇ ಉದ್ದ ಎಷ್ಟು, ಗಟ್ಟಿ ಎಷ್ಟು ಅನ್ನುವುದು ಮಾದರಿಯನ್ನು ತೀರ್ಮಾನಿಸುತ್ತದೆ. ಇದು ನೆನಪಿಗಿಂತ ಗಟ್ಟಿ ಸಾಕ್ಷಿ.

ಬಜ್ಪೆ ನಿಲ್ದಾಣ 1951ರ ಡಿಸೆಂಬರಿನಲ್ಲಿ ತೆರೆಯಿತು. ಗುಡ್ಡದ ನೆತ್ತಿ ಸಮತಟ್ಟು ಮಾಡಿ ಕಟ್ಟಿದ ಅಲ್ಲಿನ ಹಳೆಯ ರನ್‌ವೇ ಉದ್ದ 1,600 ಮೀಟರಿಗೆ ಸ್ವಲ್ಪ ಮೇಲೆ, ಅಷ್ಟೇ. 2,450 ಮೀಟರಿನ ಹೊಸ ರನ್‌ವೇ ಬಳಕೆಗೆ ಬಂದದ್ದು 2006ರಲ್ಲಿ. ಅಂದಮೇಲೆ ಅದಕ್ಕಿಂತ ಮುಂಚೆ ಬಜ್ಪೆಯಲ್ಲಿ ಎ300 ಇಳಿಯುವ ಮಾತೇ ಇರಲಿಲ್ಲ. 747 ಅಂತೂ ದೂರದ ಮಾತು. ಉಳಿಯುವುದು ಪ್ರೊಪೆಲರ್ ವಿಮಾನಗಳು ಮತ್ತು 737. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಒಂದು ಆವ್ರೋ ಬಜ್ಪೆಯ ಒದ್ದೆ ರನ್‌ವೇ ದಾಟಿ ಹೊರಗೆ ಹೋಗಿ ನಿಂತಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅದರ ನೋಂದಣಿ ವಿಟಿ-ಡಿಎಕ್ಸ್‌ಎಫ್. ಇಂಥ ಅಪಘಾತದ ದಾಖಲೆ ಕೂಡ ನಮ್ಮ ಹುಡುಕಾಟಕ್ಕೆ ಸಾಕ್ಷಿಯೇ. 1981ರಲ್ಲಿ ಬಜ್ಪೆಗೆ ಆವ್ರೋ ಬರುತ್ತಿತ್ತು ಅನ್ನುವುದು ಇದರಿಂದ ಖಾತ್ರಿಯಾಗುತ್ತದೆ.

ಬೆಂಗಳೂರಿನ ಕಥೆ ಬೇರೆ. ಹಳೆಯ ಎಚ್‌ಎಎಲ್ ನಿಲ್ದಾಣದ ರನ್‌ವೇ ಮೂರು ಸಾವಿರ ಮೀಟರಿಗೂ ಮೇಲಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋಗುವವರೆಗೂ ಎಲ್ಲ ಬಗೆಯ ವಿಮಾನಗಳೂ ಅಲ್ಲಿಗೆ ಬರುತ್ತಿದ್ದವು. ಹಾಗಾಗಿ ಬೆಂಗಳೂರು ಅನ್ನುವುದರಿಂದ ಏನೂ ಕಳೆಯಲು ಆಗುವುದಿಲ್ಲ. ಇನ್ನೊಂದು ತುದಿಯ ಊರು ಯಾವುದು ಅಂತ ನೋಡಬೇಕು. ಬೆಂಗಳೂರು–ಬೊಂಬಾಯಿ ಆದರೆ ಎ300 ಸಾಧ್ಯ. ಬೆಂಗಳೂರು–ಬಜ್ಪೆ ಆದರೆ ಇಲ್ಲ. ಎರಡು ಊರುಗಳಲ್ಲಿ ಯಾವುದು ಚಿಕ್ಕದೋ ಅದೇ ವಿಮಾನವನ್ನು ಆರಿಸುತ್ತದೆ.

ದಾರಿಗೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದೂ ಉಪಯೋಗಕ್ಕೆ ಬರುತ್ತದೆ, ಅಮ್ಮನಿಗೆ ನೆನಪಿದ್ದರೆ. ಬಜ್ಪೆಯಿಂದ ಮುಂಬೈಗೆ ನೇರ ಗೆರೆಯಲ್ಲಿ 700 ಕಿಲೋಮೀಟರ್ ಚಿಲ್ಲರೆ. ಗಂಟೆಗೆ 450 ಕಿಲೋಮೀಟರ್ ಆಸುಪಾಸಿನಲ್ಲಿ ಹೋಗುವ ಆವ್ರೋಗೆ ಎರಡು ಗಂಟೆಯ ಹತ್ತಿರ ಬೇಕು. 737 ಆದರೆ ಒಂದೂಕಾಲು ಗಂಟೆ. ಮಕ್ಕಳಿಗೆ ಹೊತ್ತಿನ ಅಂದಾಜು ಇರುವುದಿಲ್ಲ, ಅವರನ್ನು ಕೇಳಬೇಡಿ. ಬೆಳಗ್ಗೆ ಎಷ್ಟಕ್ಕೆ ಹೊರಟು ಊಟಕ್ಕೆ ಎಲ್ಲಿದ್ದೆವು ಅಂತ ದೊಡ್ಡವರು ಹೇಳಿಯಾರು.

ಕಿಟಕಿಯ ಹೊರಗೆ ಏನಿತ್ತು?

ಈಗ ನೆನಪಿನ ಸರದಿ. ನನ್ನ ಅನಿಸಿಕೆ ಇದು: ಊಟ, ಟಾಫಿ, ಕಿವಿಗೆ ಕೊಟ್ಟ ಹತ್ತಿ, ಗಗನಸಖಿಯ ಸೀರೆ, ಇವು ಎಷ್ಟೇ ಸ್ಪಷ್ಟವಾಗಿದ್ದರೂ ಮಾದರಿ ಹುಡುಕಲು ಕೆಲಸಕ್ಕೆ ಬರುವುದಿಲ್ಲ. ಎಲ್ಲ ವಿಮಾನಗಳಲ್ಲೂ ಅವೇ ಇದ್ದವು. ಕೆಲಸಕ್ಕೆ ಬರುವುದು ರೆಕ್ಕೆ, ಎಂಜಿನ್, ಬಾಗಿಲು, ಸೀಟಿನ ಸಾಲು. ಮಕ್ಕಳನ್ನು ಕಿಟಕಿ ಪಕ್ಕವೇ ಕೂರಿಸುವುದರಿಂದ ಇವುಗಳಲ್ಲಿ ಯಾವುದಾದರೂ ಒಂದು ಎಲ್ಲೋ ತಲೆಯಲ್ಲಿ ಕೂತಿರುತ್ತದೆ.

ಮೊದಲ ಪ್ರಶ್ನೆ: ಫ್ಯಾನು ಇತ್ತಾ, ಇರಲಿಲ್ಲವಾ? ಇದು ಬಹುತೇಕ ಎಲ್ಲರಿಗೂ ನೆನಪಿರುತ್ತದೆ. ಪ್ರೊಪೆಲರ್ ತಿರುಗಲು ಶುರುವಾಗಿ, ಎಲೆಗಳು ಮಾಯವಾಗಿ, ಬರೀ ಮಸುಕು ಚಕ್ರ ಉಳಿಯುವುದನ್ನು ಒಮ್ಮೆ ನೋಡಿದ ಮಗು ಮರೆಯುವುದಿಲ್ಲ.

ಫ್ಯಾನು ಇತ್ತು ಅಂದರೆ ಮುಂದಿನ ಪ್ರಶ್ನೆ ರೆಕ್ಕೆ ಮೇಲಿತ್ತಾ, ಕೆಳಗಿತ್ತಾ ಅನ್ನುವುದು. ಫೋಕರ್ ಎಫ್27ರ ರೆಕ್ಕೆ ವಿಮಾನದ ನೆತ್ತಿಯ ಮೇಲಿದೆ. ಕಿಟಕಿಯಿಂದ ಕೆಳಗಿನ ಗದ್ದೆ, ತೋಟ, ನದಿ ಎಲ್ಲ ಅಡ್ಡಿಯಿಲ್ಲದೆ ಕಾಣುತ್ತವೆ. ಅದರ ಕಿಟಕಿಗಳೂ ದೊಡ್ಡವು, ಮೊಟ್ಟೆಯಾಕಾರದವು. ಆವ್ರೋದ ರೆಕ್ಕೆ ಕೆಳಗಿದೆ. ಎಂಜಿನ್ ರೆಕ್ಕೆಯ ಮೇಲೆ ಎದ್ದು ಕೂತಿರುತ್ತದೆ. ಮಧ್ಯದ ಸೀಟಿನಲ್ಲಿ ಕೂತರೆ ಕೆಳಗೆ ನೋಡಿದಾಗ ರೆಕ್ಕೆಯೇ ಕಾಣುತ್ತದೆ.

ಈ ಎರಡು ವಿಮಾನಗಳನ್ನು ಶಬ್ದದಿಂದ ಬೇರೆ ಮಾಡಲು ಹೋಗಬೇಡಿ. ಎರಡರಲ್ಲೂ ಇದ್ದದ್ದು ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್. ಕಿವಿಗೆ ಚುಚ್ಚುವ ಕೀರಲು ಸಿಳ್ಳೆ ಅದರ ಗುರುತು. ವೈಕೌಂಟ್‌ನಲ್ಲೂ ಅದೇ ಎಂಜಿನ್, ಎರಡರ ಬದಲು ನಾಲ್ಕು. ಅಂದರೆ ಸಿಳ್ಳೆ ನೆನಪಿದ್ದರೆ ಈ ಮೂರರಲ್ಲಿ ಒಂದು. ನಾಲ್ಕು ಫ್ಯಾನು ಇದ್ದರೆ ವೈಕೌಂಟ್, ಎರಡು ಫ್ಯಾನು ಇದ್ದು ರೆಕ್ಕೆ ಮೇಲಿದ್ದರೆ ಫೋಕರ್, ಕೆಳಗಿದ್ದರೆ ಆವ್ರೋ.

ಚಕ್ರವೂ ಒಳ್ಳೆಯ ಸಾಕ್ಷಿ. ಫೋಕರಿನಲ್ಲಿ ಎಂಜಿನ್ ಗೂಡಿನಿಂದ ಉದ್ದನೆಯ ಕಾಲು ಕೆಳಗಿಳಿದು ಬರುವುದು ಕಿಟಕಿಯಿಂದಲೇ ಕಾಣುತ್ತದೆ. ನೆಲ ತಾಗಿದಾಗ ಚಕ್ರದಿಂದ ಹೊಗೆ ಏಳುವುದನ್ನೂ ನೋಡಬಹುದು. "ಚಕ್ರ ಬಿಚ್ಚಿಕೊಳ್ಳುವುದನ್ನು ನಾನೇ ನೋಡಿದೆ" ಅಂತ ಯಾರಾದರೂ ಹೇಳಿದರೆ, ಮತ್ತೆ ಅದು 1970ರ, 80ರ ಮಾತಾದರೆ, ಫೋಕರ್ ಅಂತಲೇ ಬರೆದುಕೊಳ್ಳಿ. ಅದೇ ಮಾತು 2011ರ ನಂತರದ್ದಾದರೆ ಸ್ಪೈಸ್‌ಜೆಟ್‌ನ ಕ್ಯೂ400 ಇರಬಹುದು. ಅದರ ಚಕ್ರವೂ ಎಂಜಿನ್ ಗೂಡಿನಿಂದಲೇ ಇಳಿಯುತ್ತದೆ. ಎಟಿಆರ್‌ನ ರೆಕ್ಕೆ ಕೂಡ ಮೇಲೆಯೇ ಇದೆ. ಆದರೆ ಅದರ ಚಕ್ರ ಹೊಟ್ಟೆಯ ಬದಿಯ ಉಬ್ಬಿನೊಳಗೆ ಮಡಚಿಕೊಳ್ಳುತ್ತದೆ. ಎಂಜಿನ್ನಿನಿಂದ ಏನೂ ಇಳಿಯುವುದಿಲ್ಲ. ಜೊತೆಗೆ ಎಟಿಆರ್‌ಗೆ ಹಿಂದಿನ ಬಾಗಿಲಿನಿಂದ ಹತ್ತಬೇಕು, ಸಾಮಾನು ತುಂಬುವುದು ಮುಂದೆ.

ಇನ್ನೆರಡು ಚಿಕ್ಕ ವಿಮಾನಗಳನ್ನು ಗುರುತಿಸುವುದು ತೀರಾ ಸುಲಭ. ಒಳಗೆ ಕಾಲಿಟ್ಟ ಕೂಡಲೇ ಏರು ಹತ್ತಿಕೊಂಡು ಸೀಟಿಗೆ ಹೋದ ನೆನಪಿದ್ದರೆ ಅದು ಡಕೋಟಾ. ಅದಕ್ಕೆ ಮೂಗಿನ ಕೆಳಗೆ ಚಕ್ರ ಇಲ್ಲ, ಬಾಲದಲ್ಲಿ ಒಂದು ಪುಟ್ಟ ಚಕ್ರ ಇದೆ. ನಿಂತಾಗ ಬಾಲ ನೆಲಕ್ಕೆ ಕೂತು ಮೂಗು ಆಕಾಶ ನೋಡುತ್ತದೆ. ಇನ್ನೊಂದು ಡಾರ್ನಿಯರ್ 228, ವಾಯುದೂತ್ 1980ರ ದಶಕದ ಮಧ್ಯದಿಂದ ಹಾರಿಸಿದ್ದು. 19 ಸೀಟು, ನಡುವಿನ ದಾರಿಯ ಆಚೆ ಒಂದು, ಈಚೆ ಒಂದು. ಎಲ್ಲರಿಗೂ ಕಿಟಕಿ. ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇಲ್ಲದ್ದರಿಂದ ಅದು ತುಂಬಾ ಎತ್ತರಕ್ಕೆ ಹೋಗುತ್ತಿರಲಿಲ್ಲ. "ಪೈಲಟ್ ಬೆನ್ನು ಕಾಣುತ್ತಿತ್ತು, ಬಸ್ಸಿಗಿಂತ ಚಿಕ್ಕದು" ಅನ್ನುವ ನೆನಪು ಇದರದ್ದೇ.

ಫ್ಯಾನು ಇರಲಿಲ್ಲ ಅಂದರೆ

ಜೆಟ್ ಆದರೆ ಮೊದಲು ದಾರಿ ಎಣಿಸಿ. ಸೀಟುಗಳ ನಡುವೆ ಒಂದೇ ದಾರಿ, ಆಚೆ ಮೂರು, ಈಚೆ ಮೂರು ಸೀಟು ಇದ್ದರೆ ದೇಶದೊಳಗಿನ ಹಾರಾಟದಲ್ಲಿ ಅದು 737 ಅಥವಾ ಎ320. ಎರಡು ದಾರಿ ಇದ್ದು, ಕಿಟಕಿ ಕಡೆ ಎರಡೆರಡು, ನಡುವೆ ನಾಲ್ಕು ಸೀಟಾದರೆ ಎ300, ಅಥವಾ ಏರ್ ಇಂಡಿಯಾ 1986ರಿಂದ ಹಾರಿಸಿದ ಎ310. ಅಣ್ಣ, ತಂಗಿ, ಅಪ್ಪ, ಅಮ್ಮ ನಾಲ್ವರೂ ನಡುವಿನ ಸಾಲಿನಲ್ಲಿ ಒಟ್ಟಿಗೆ ಕೂತಿದ್ದೆವು ಅನ್ನುವ ನೆನಪಿದ್ದರೆ ಬೇರೇನೂ ಕೇಳಬೇಕಿಲ್ಲ.

ಕ್ಯಾರವೆಲ್ ಒಂದು ವಿಚಿತ್ರ ಸುಂದರಿ. ಅದರ ಕಿಟಕಿ ತ್ರಿಕೋನ, ಮೂಲೆಗಳು ಉರುಟು. ಎರಡು ಎಂಜಿನ್ನುಗಳು ಬಾಲದ ಹತ್ತಿರ ಅಂಟಿಕೊಂಡಿವೆ, ರೆಕ್ಕೆ ಖಾಲಿ. ಬಾಲದ ಕೆಳಗೇ ಮೆಟ್ಟಿಲಿದೆ. 1960ರ, 70ರ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸ್ ಹತ್ತಿದವರು ತ್ರಿಕೋನ ಕಿಟಕಿ ಅಂದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಬೇರಾವ ಪ್ರಯಾಣಿಕ ವಿಮಾನಕ್ಕೂ ನಮ್ಮಲ್ಲಿ ಅಂಥ ಕಿಟಕಿ ಇರಲಿಲ್ಲ.

ಕಷ್ಟ ಇರುವುದು 737 ಮತ್ತು ಎ320 ನಡುವೆ. ಎರಡೂ ಒಳಗಿನಿಂದ ಒಂದೇ ಥರ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

737-200ರ ಎಂಜಿನ್ ಸಪೂರ, ಉದ್ದ. ರೆಕ್ಕೆಯ ಅಡಿಗೆ ಅಂಟಿಕೊಂಡು, ರೆಕ್ಕೆಯ ಹಿಂದಕ್ಕೂ ಚಾಚಿಕೊಂಡಿರುತ್ತದೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಅದರ ತುದಿ ಕಾಣುತ್ತದೆ. ನೆಲ ತಾಗಿದ ಕೂಡಲೇ ಆ ತುದಿಯಲ್ಲಿ ಎರಡು ದೊಡ್ಡ ಬಾಗಿಲುಗಳು ತೆರೆದು ಒಂದಕ್ಕೊಂದು ಕೂಡಿ ಹೊಗೆ ಹೋಗುವ ದಾರಿಗೆ ಅಡ್ಡ ನಿಲ್ಲುತ್ತವೆ. ಎಂಜಿನ್ನಿನ ರಭಸವನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸಲು ಇದು. "ಇಳಿದ ತಕ್ಷಣ ಎಂಜಿನ್ ಒಡೆದುಹೋಯಿತು ಅಂತ ಹೆದರಿದೆ" ಅಂತ ಯಾರಾದರೂ ಹೇಳಿದರೆ 737-200 ಅಂತ ಧೈರ್ಯವಾಗಿ ಹೇಳಿ. 737-300, 400ಗಳಲ್ಲಿ ಎಂಜಿನ್ ದಪ್ಪ. ರೆಕ್ಕೆಗಿಂತ ಮುಂದೆ ತೂಗುತ್ತದೆ, ಕೆಳಗೆ ಚಪ್ಪಟೆ. ನೆಲಕ್ಕೆ ತಾಗದಿರಲಿ ಅಂತ ಹಾಗೆ ಮಾಡಿದ್ದು. ಅವುಗಳಲ್ಲಿ ಈ ಬಾಗಿಲುಗಳಿಲ್ಲ, ಎಂಜಿನ್ನಿನ ಹೊದಿಕೆ ಹಿಂದಕ್ಕೆ ಸರಿಯುತ್ತದೆ ಅಷ್ಟೇ.

ಇಳಿಯುವಾಗ ರೆಕ್ಕೆಯ ಹಿಂಬದಿ ನೋಡಿದ್ದರೆ ಅದೂ ಸಾಕ್ಷಿ. ಆ ಕಾಲದ 737ಗಳಲ್ಲಿ ರೆಕ್ಕೆಯ ಹಿಂದಿನ ಫ್ಲ್ಯಾಪು, ಅಂದರೆ ಹೊರಗೆ ಚಾಚಿಕೊಳ್ಳುವ ಹಲಗೆ, ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ನಡುನಡುವೆ ಸಂದು ಬಿದ್ದು ಕೆಳಗಿನ ನೆಲ ಕಾಣುತ್ತದೆ. ರೆಕ್ಕೆ ಕಿತ್ತು ಬರುತ್ತಿದೆ ಅಂತ ಅಳುವ ಮಕ್ಕಳಿದ್ದರು ಅಂದರೆ ಆಶ್ಚರ್ಯವಿಲ್ಲ. ಎ320ರ ಫ್ಲ್ಯಾಪು ಒಂದೇ ತುಂಡು, ನೋಡಲು ಅಷ್ಟೇನೂ ಇಲ್ಲ.

ಎ320ರ ಗುರುತು ರೆಕ್ಕೆಯ ತುದಿಯಲ್ಲಿದೆ. ಅಲ್ಲಿ ಮೇಲಕ್ಕೂ ಕೆಳಕ್ಕೂ ಚಾಚಿದ ಒಂದು ಪುಟ್ಟ ಬಾಣದ ತಲೆ. ಹಳೆಯ 737ರ ರೆಕ್ಕೆಯ ತುದಿ ಬೋಳು. 737-800ರಲ್ಲಿ ಕಾಣುವ ಎತ್ತರದ ಬಾಗಿದ ತುದಿ 2000ದ ನಂತರದ್ದು. ಈಗಿನ ಎ320ಗಳಲ್ಲೂ ಎತ್ತರದ ತುದಿ ಬಂದಿರುವುದರಿಂದ ಹೊಸ ಪ್ರಯಾಣಗಳಿಗೆ ಈ ಗುರುತು ಅಷ್ಟು ಕೆಲಸ ಮಾಡುವುದಿಲ್ಲ. ಶಬ್ದದ ಸಾಕ್ಷಿಯೂ ಒಂದಿದೆ. ಎ320 ಹೊರಡುವ ಮುಂಚೆ, ಕೆಲವೊಮ್ಮೆ ಇಳಿದ ಮೇಲೆ, ಕಾಲ ಕೆಳಗಿನಿಂದ ನಾಯಿ ಬಿಟ್ಟೂಬಿಡದೆ ಬೊಗಳಿದ ಹಾಗೆ ಸದ್ದು ಬರುತ್ತದೆ. ಒಂದು ಕಡೆಯ ಹೈಡ್ರಾಲಿಕ್ ಒತ್ತಡವನ್ನು ಇನ್ನೊಂದು ಕಡೆಗೆ ದಾಟಿಸುವ ಪಂಪು ಅದು. 737ರಲ್ಲಿ ಆ ಸದ್ದಿಲ್ಲ.

ರೆಕ್ಕೆಯ ಮೇಲಿನ ತುರ್ತು ಬಾಗಿಲುಗಳನ್ನು ಎಣಿಸಿದವರು ಕಡಿಮೆ, ಆದರೆ ಫೋಟೋದಲ್ಲಿ ಎಣಿಸಬಹುದು. 737-200, 737-300ರಲ್ಲಿ ಒಂದು ಬದಿಗೆ ಒಂದು. 737-400, 737-800, ಎ320ರಲ್ಲಿ ಒಂದು ಬದಿಗೆ ಎರಡು.

ಗಲ್ಫ್ ದಾರಿ

ಕರಾವಳಿಯ ಎಷ್ಟೋ ಮಕ್ಕಳ ಮೊದಲ ವಿಮಾನ ಬೊಂಬಾಯಿಯಿಂದ ದುಬೈಗೋ, ಬಹರೇನಿಗೋ, ಕುವೈತಿಗೋ ಹೋದದ್ದು. ಬಜ್ಪೆಯಿಂದ ನೇರವಾಗಿ ಗಲ್ಫಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737-800 ಹಾರಲು ಶುರುವಾದದ್ದು 2006ರಲ್ಲಿ. ಅದಕ್ಕೆ ಮುಂಚೆ ಬೊಂಬಾಯಿಯಲ್ಲಿ ವಿಮಾನ ಬದಲಿಸಬೇಕಿತ್ತು. ಇಲ್ಲೊಂದು ತೊಡಕು ಹುಟ್ಟುತ್ತದೆ. ಒಂದೇ ದಿನ ಎರಡು ವಿಮಾನ ಹತ್ತಿದ ಮಗುವಿನ ತಲೆಯಲ್ಲಿ ಅವೆರಡೂ ಸೇರಿ ಒಂದಾಗಿರುತ್ತವೆ. ಬಜ್ಪೆಯ ಏಣಿ, ಜಂಬೋದ ಮೆಟ್ಟಿಲು, ಎಲ್ಲ ಒಂದೇ ಪ್ರಯಾಣ. "ಬಜ್ಪೆಯಲ್ಲಿ ಎರಡಂತಸ್ತಿನ ವಿಮಾನ ಹತ್ತಿದೆ" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಎರಡಂತಸ್ತು ನಿಜ, ಅದು ಬೊಂಬಾಯಿಯಲ್ಲಿ.

ಎರಡಂತಸ್ತು ಅಂದರೆ ಆ ಕಾಲಕ್ಕೆ 747 ಒಂದೇ. ಇನ್ನೊಂದು ಎರಡಂತಸ್ತಿನ ವಿಮಾನವಾದ ಏರ್‌ಬಸ್ ಎ380 ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2007ರಲ್ಲಿ. ಏರ್ ಇಂಡಿಯಾಗೆ 747 ಬಂದದ್ದು 1971ರಲ್ಲಿ. ಮೊದಲನೆಯದರ ಹೆಸರು ಎಂಪರರ್ ಅಶೋಕ. ಒಳಗಿನ ಮೆಟ್ಟಿಲು ಸುರುಳಿಯಾಗಿತ್ತು ಅಂದರೆ ಹಳೆಯ 747-200, ನೇರವಾಗಿತ್ತು ಅಂದರೆ ನಂತರದ 747-400ರಂಥದ್ದು. ಏರ್ ಇಂಡಿಯಾಗೆ 400 ಬಂದದ್ದು 1993ರಲ್ಲಿ. ಹೊರಗೆ ಪ್ರತಿ ಕಿಟಕಿಗೂ ರಾಜಸ್ಥಾನಿ ಶೈಲಿಯ ಕಮಾನು ಬರೆದಿದ್ದದ್ದನ್ನು ಫೋಟೋದಲ್ಲಿ ನೋಡಿದರೆ ಅದು ಏರ್ ಇಂಡಿಯಾದ್ದು ಅಂತ ಬೇರೆ ಯಾರೂ ಹೇಳಬೇಕಿಲ್ಲ. ಗಲ್ಫ್ ಏರ್‌ನಲ್ಲಿ ಹೋದವರು ಬಾಲದ ನಡುವೆ ಮೂರನೇ ಎಂಜಿನ್ ನೋಡಿದ್ದರೆ ಅದು ಲಾಕ್‌ಹೀಡ್ ಟ್ರೈಸ್ಟಾರ್.

ಟ್ರಂಕಿನಲ್ಲಿರುವ ಸಾಕ್ಷಿ

ಹಳೆಯ ಟಿಕೆಟ್ ಸಿಕ್ಕಿದರೆ ಖುಷಿಪಡಿ, ಆದರೆ ಅದರಲ್ಲಿ ವಿಮಾನದ ಮಾದರಿ ಬರೆದಿರುವುದಿಲ್ಲ. ಕೆಂಪು ಕಾರ್ಬನ್ನಿನ ಆ ಪುಸ್ತಕದ ಟಿಕೆಟ್ಟಿನಲ್ಲಿ ಇರುವುದು ಹೆಸರು, ಊರುಗಳು, ಕಂಪನಿಯ ಸಂಕೇತ, ಫ್ಲೈಟ್ ನಂಬರ್, ತಾರೀಕು, ಹೊತ್ತು. ಐಸಿ ಅಂದರೆ ಇಂಡಿಯನ್ ಏರ್‌ಲೈನ್ಸ್, ಎಐ ಅಂದರೆ ಏರ್ ಇಂಡಿಯಾ, ಪಿಎಫ್ ಅಂದರೆ ವಾಯುದೂತ್, 9ಡಬ್ಲ್ಯು ಅಂದರೆ ಜೆಟ್, ಡಿಎನ್ ಅಂದರೆ ಡೆಕ್ಕನ್. ಫ್ಲೈಟ್ ನಂಬರ್ ಸಿಕ್ಕಿದ ಮೇಲೆ ಬೇಕಾದದ್ದು ಆ ವರ್ಷದ ವೇಳಾಪಟ್ಟಿ. ಕಂಪನಿಗಳು ಆಗ ಅಚ್ಚು ಹಾಕಿಸಿ ಹಂಚುತ್ತಿದ್ದ ಮಡಿಕೆ ಪುಸ್ತಿಕೆಗಳವು. ಸಂಗ್ರಹಕಾರರು ಅವುಗಳಲ್ಲಿ ಎಷ್ಟೋ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಹಲವು ವೇಳಾಪಟ್ಟಿಗಳಲ್ಲಿ ಪ್ರತಿ ಫ್ಲೈಟಿನ ಎದುರು ವಿಮಾನದ ಸಂಕೇತವೂ ಇರುತ್ತದೆ. 737, 320 ಅಂದರೆ ಗೊತ್ತೇ ಇದೆ. ಎಬಿ3 ಅಂದರೆ ಎ300. ಎಚ್‌ಎಸ್7 ಅಂದರೆ ಆವ್ರೋ. ಎಫ್27 ಅಂದರೆ ಫೋಕರ್. ನನ್ನ ಮಟ್ಟಿಗೆ ವೇಳಾಪಟ್ಟಿಯಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಆದರೂ ಕೊನೆ ಗಳಿಗೆಯಲ್ಲಿ ವಿಮಾನ ಕೆಟ್ಟು ಬೇರೆ ಮಾದರಿ ಬಂದಿರುವ ಸಾಧ್ಯತೆ ಯಾವಾಗಲೂ ಇದೆ. ವೇಳಾಪಟ್ಟಿ ಹೇಳುವುದು ಏನು ಬರಬೇಕಿತ್ತು ಅನ್ನುವುದನ್ನು ಮಾತ್ರ. ಹಾಗಾಗಿ ರೆಕ್ಕೆಯ ನೆನಪು ಗಟ್ಟಿಯಾಗಿದ್ದು ವೇಳಾಪಟ್ಟಿಗೆ ಹೊಂದದಿದ್ದರೆ ನೆನಪನ್ನು ಸುಮ್ನೆ ತಳ್ಳಿಹಾಕಬೇಡಿ.

ಬೋರ್ಡಿಂಗ್ ಪಾಸಿನ ಚೂರು ಸಿಕ್ಕಿದರೆ ಸೀಟಿನ ಅಕ್ಷರ ನೋಡಿ. ಮೂರು-ಮೂರು ಸೀಟಿನ ವಿಮಾನದಲ್ಲಿ ಅಕ್ಷರಗಳು ಸಾಮಾನ್ಯವಾಗಿ ಎ ಇಂದ ಎಫ್‌ವರೆಗೆ. ಎಚ್, ಜೆ, ಕೆ ಬಂದರೆ ಬಹುಪಾಲು ಎರಡು ದಾರಿಯ ದೊಡ್ಡ ವಿಮಾನ.

ಫೋಟೋ ಸಿಕ್ಕಿದರೆ ಅದೃಷ್ಟ. ನಮ್ಮ ಮನೆಗಳ ಫೋಟೋಗಳಲ್ಲಿ ವಿಮಾನ ಮುಖ್ಯ ಅಲ್ಲ, ಮುಂದೆ ನಿಂತ ಅತ್ತೆ ಮಾವ ಮುಖ್ಯ. ಆದರೂ ಅವರ ಹಿಂದೆ ಒಂದು ಚಕ್ರವೋ, ಅರ್ಧ ಬಾಲವೋ ಇರುತ್ತದೆ. ಬಣ್ಣ ನೋಡಿ ಕಾಲ ಹೇಳಬಹುದು. ಬಿಳಿ ಮೈಯ ಮೇಲೆ ಕಿತ್ತಳೆ ಪಟ್ಟಿ, ಕಿತ್ತಳೆ ಬಾಲ ಅಂದರೆ ಹಳೆಯ ಇಂಡಿಯನ್ ಏರ್‌ಲೈನ್ಸ್. ಕೋನಾರ್ಕದ ಚಕ್ರದಿಂದ ಎತ್ತಿಕೊಂಡ ಗುರುತು ಬಾಲದ ಮೇಲಿದ್ದು, ಹೆಸರು ಬರೀ "ಇಂಡಿಯನ್" ಅಂತಿದ್ದರೆ ಅದು 2005ರ ಡಿಸೆಂಬರಿನ ನಂತರದ್ದು. ವಿಮಾನದ ಗಾಲಿ ಕಂಡರೆ ಇನ್ನೂ ಒಳ್ಳೆಯದು. ಇಂಡಿಯನ್ ಏರ್‌ಲೈನ್ಸ್ ತರಿಸಿದ ಮೊದಲಿನ ಎ320ಗಳಿಗೆ ರೆಕ್ಕೆಯ ಕೆಳಗೆ ಒಂದೊಂದು ಬದಿಗೂ ನಾಲ್ಕು ನಾಲ್ಕು ಗಾಲಿ. ಲೋಕದಲ್ಲಿ ಬೇರೆ ಕಂಪನಿಗಳ ಎ320ಗಳಿಗೆ ಎರಡೆರಡೇ. ನಮ್ಮ ರನ್‌ವೇಗಳು ಅಷ್ಟು ಗಟ್ಟಿಯಿಲ್ಲ, ಭಾರ ಹಂಚಿಹೋಗಲಿ ಅಂತ ಹಾಗೆ ಮಾಡಿಸಿದ್ದು. ವಿಮಾನದ ಹುಚ್ಚಿರುವವರು ಈ ಗಾಲಿಗಳನ್ನು ಕಂಡರೆ ಈಗಲೂ ಕುಣಿಯುತ್ತಾರೆ.

ಎಲ್ಲಕ್ಕಿಂತ ದೊಡ್ಡ ನಿಧಿ ನೋಂದಣಿ ಅಕ್ಷರಗಳು. ಭಾರತದ ವಿಮಾನಗಳದ್ದು ವಿಟಿ ಇಂದ ಶುರುವಾಗುತ್ತದೆ, ಆಮೇಲೆ ಮೂರು ಅಕ್ಷರ. ಬಾಲದ ಹತ್ತಿರ ಮೈಮೇಲೆ, ರೆಕ್ಕೆಯ ಅಡಿಯಲ್ಲಿ ಬರೆದಿರುತ್ತಾರೆ. ಐಸಿ 605 ಆಗಿದ್ದ ವಿಮಾನ ವಿಟಿ-ಇಪಿಎನ್. ಈ ಮೂರು ಅಕ್ಷರ ಓದಲು ಸಿಕ್ಕಿದರೆ ಮಾದರಿ ಮಾತ್ರ ಅಲ್ಲ, ಅದೇ ವಿಮಾನದ ಇಡೀ ಜಾತಕ ಸಿಗುತ್ತದೆ. ಯಾವ ವರ್ಷ ಕಾರ್ಖಾನೆಯಿಂದ ಹೊರಬಂತು, ಯಾರ ಕೈಗೆ ಹೋಯಿತು, ಎಲ್ಲಿ ಗುಜರಿಗೆ ಸೇರಿತು, ಎಲ್ಲ. ತಯಾರಾದ ಪ್ರತಿ ವಿಮಾನದ ಪಟ್ಟಿಯನ್ನು ಹವ್ಯಾಸಿಗಳು ದಶಕಗಳಿಂದ ಬರೆದಿಡುತ್ತಾ ಬಂದಿದ್ದಾರೆ. ಫೋಟೋವನ್ನು ಫೋನಿನಲ್ಲಿ ಫೋಟೋ ಹೊಡೆಯುವ ಬದಲು ಸ್ಕ್ಯಾನ್ ಮಾಡಿಸಿ. ನೆಗೆಟಿವ್ ಇದ್ದರೆ ನೆಗೆಟಿವ್ ಅನ್ನೇ ಮಾಡಿಸಿ. ಪ್ರಿಂಟಿನಲ್ಲಿ ಮಸುಕಾಗಿರುವ ಅಕ್ಷರ ಅದರಲ್ಲಿ ಓದಲು ಬರಬಹುದು.

ಬಜ್ಪೆಯ ಹುಡುಗನಿಗೆ ಉತ್ತರ

ಶುರುವಿನ ಆ ಬಜ್ಪೆ–ಬೊಂಬಾಯಿ ಪ್ರಯಾಣವನ್ನು ಈಗ ಸೋಸೋಣ. ಆತ 1974ರಲ್ಲಿ ಹುಟ್ಟಿದವನು, ಎರಡನೇ ಕ್ಲಾಸಿನ ರಜೆಯಲ್ಲಿ ಹೋದದ್ದು ಅಂತಿಟ್ಟುಕೊಳ್ಳಿ. ಅಂದರೆ 1981, 82. ಎ320 ಇನ್ನೂ ಬಂದಿಲ್ಲ, ಹೋಯಿತು. ಎ300, 747 ಆ ರನ್‌ವೇಯಲ್ಲಿ ಇಳಿಯಲ್ಲ, ಹೋಯಿತು. ಡಾರ್ನಿಯರ್ ಬಂದಿಲ್ಲ. ವೈಕೌಂಟ್, ಕ್ಯಾರವೆಲ್ ಅಷ್ಟು ಹೊತ್ತಿಗೆ ಮನೆಗೆ ಹೋಗಿವೆ. ಉಳಿದದ್ದು ಆವ್ರೋ, ಫೋಕರ್, 737-200. "ಫ್ಯಾನು ಇತ್ತಾ?" ಅಂತ ಕೇಳಿದರೆ "ಇತ್ತು, ಕಿರುಚುತ್ತಿತ್ತು" ಅನ್ನುತ್ತಾನೆ. 737 ಹೋಯಿತು. "ಕೆಳಗೆ ಸಮುದ್ರ ಕಂಡಿತಾ?" ಅಂದರೆ "ಇಲ್ಲ, ರೆಕ್ಕೆ ಅಡ್ಡ ಇತ್ತು, ಅಕ್ಕನ ಕಿಟಕಿಗೆ ಮಾತ್ರ ಕಾಣುತ್ತಿತ್ತು ಅಂತ ಜಗಳ ಆಡಿದ್ದೆ" ಅನ್ನುತ್ತಾನೆ. ಆವ್ರೋ. ಆ ಜಗಳ ಇಲ್ಲದಿದ್ದರೆ ಫೋಕರೋ ಆವ್ರೋನೋ ಅಂತ ವೇಳಾಪಟ್ಟಿ ಹುಡುಕಬೇಕಿತ್ತು.

ಕೇಳುವ ರೀತಿಯಲ್ಲಿ ಒಂದು ಎಚ್ಚರ ಬೇಕು. ಮೊದಲೇ ಫೋಟೋ ತೋರಿಸಿ "ಇದೇ ಅಲ್ವಾ?" ಅಂದುಬಿಟ್ಟರೆ ಎಲ್ಲರೂ "ಹೌದು, ಇದೇ" ಅನ್ನುತ್ತಾರೆ. ಆಮೇಲೆ ಆ ಫೋಟೋನೇ ನೆನಪಾಗಿ ಕೂತುಬಿಡುತ್ತದೆ. ಮೊದಲು ಬಾಯಿ ಮಾತಿನಲ್ಲಿ ಎಲ್ಲ ಕೇಳಿ ಬರೆದಿಟ್ಟುಕೊಳ್ಳಿ. ಅಕ್ಕ ತಮ್ಮ ಇಬ್ಬರೂ ಇದ್ದರೆ ಬೇರೆಬೇರೆಯಾಗಿ ಕೇಳಿ. ಫೋಟೋ ತೋರಿಸುವುದಿದ್ದರೂ ಒಂದನ್ನೇ ತೋರಿಸಬೇಡಿ. ಆವ್ರೋ, ಫೋಕರ್, 737 ಮೂರನ್ನೂ ಒಟ್ಟಿಗೆ ಮುಂದಿಟ್ಟು, "ಇವುಗಳಲ್ಲಿ ಯಾವುದೂ ಅಲ್ಲ ಅನ್ನಿಸಿದರೂ ಹೇಳಿ" ಅನ್ನಿ.